ಹದಿನಾರು ಮನೆಗಳ ಒಂದೇ ತಂತಿ

ನಮ್ಮ ಡನ್ ಕ್ರೀಕ್ ಊರಿನ ಚರಿತ್ರೆಯ ಪುಸ್ತಕದಲ್ಲಿ ಅಗನೇತಾ ಥೀಸನ್ ಅವರ ಬಗ್ಗೆ ಒಂದೂವರೆ ಪುಟ ಇದೆ. ಬರೆದವಳು ನಾನು. ರಷ್ಯಾದಿಂದ ಬಂದರು, ಕಲ್ಲು ಆರಿಸಿ ಹೊಲ ಮಾಡಿದರು, ಧೂಳಿನ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡರು, ನಲವತ್ತಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅವರ ಕೈಯ ಬನ್ನು ತಿನ್ನದವರು ಊರಲ್ಲಿ ಇಲ್ಲ. ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಆ ಪುಟ ತೆರೆದರೆ ನನಗೆ ಮುಖ ಎತ್ತಲು ಆಗುವುದಿಲ್ಲ. ಈಗ ನನಗೆ ಎಪ್ಪತ್ತೊಂದು ವರ್ಷ. ಬಿಟ್ಟದ್ದನ್ನು ಈಗಲಾದರೂ ಬರೆಯಬೇಕು.

ಆಗ ನಮ್ಮ ಕಡೆ ಹದಿನಾರು ಹೊಲಮನೆಗಳಿಗೆ ಒಂದೇ ಟೆಲಿಫೋನ್ ತಂತಿ. ಬೇಲಿಯ ಗುಂಟ ಕಂಬ ನೆಟ್ಟು ಅದನ್ನು ಎಳೆದವರು ನಮ್ಮ ಗಂಡಸರೇ. ಅಡುಗೆಮನೆಯ ಗೋಡೆಯಲ್ಲಿ ಮರದ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಪ್ರತಿ ಮನೆಗೂ ತನ್ನದೇ ಗಂಟೆ. ನಮ್ಮದು ಮೂರು ಗಿಡ್ಡ, ಥೀಸನ್ ಮನೆಯದು ಎರಡು ಉದ್ದ ಒಂದು ಗಿಡ್ಡ. ಆದರೆ ಯಾರ ಗಂಟೆ ಹೊಡೆದರೂ ಹದಿನಾರು ಮನೆಯಲ್ಲೂ ಕೇಳುತ್ತಿತ್ತು, ಹದಿನಾರು ಮನೆಯಲ್ಲೂ ರಿಸೀವರ್ ಎತ್ತುತ್ತಿದ್ದರು. ಗೋಡೆಗೂ ಕಿವಿ ಇರುತ್ತದೆ ಎಂಬ ಗಾದೆಯನ್ನು ನಾವು ಮೊಳೆ ಹೊಡೆದು ತೂಗುಹಾಕಿದ್ದೆವು. ಯಾರಿಗೂ ಇದು ತಪ್ಪೆನಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಹಿಮ ಸೊಂಟದವರೆಗೆ, ನೆರೆಮನೆ ಅರ್ಧ ಮೈಲಿ ದೂರ. ಬೇರೆ ಏನಿತ್ತು ನಮಗೆ? ಎತ್ತಿದವರು ಹೆಚ್ಚಾದಷ್ಟೂ ದನಿ ಸಣ್ಣಗಾಗುತ್ತಿತ್ತು. ಆಗ ಮಾತಾಡುವವರೇ ಕೂಗುತ್ತಿದ್ದರು.

"ನಾಲ್ಕು ಜನ ಕೆಳಗಿಡ್ರಮ್ಮಾ, ನನ್ನ ತಂಗಿ ಮಾತು ನನಗೇ ಕೇಳಿಸ್ತಿಲ್ಲ!"

ಟಕ್ ಟಕ್ ಎಂದು ನಾಲ್ವರು ಇಡುತ್ತಿದ್ದರು. ಎರಡು ನಿಮಿಷ ಬಿಟ್ಟು ಮತ್ತೆ ಎತ್ತುತ್ತಿದ್ದರು. ಬ್ಯೂಲಾ ಕ್ಯಾತ್‌ಕಾರ್ಟ್ ಕದ್ದು ಕೇಳುತ್ತಿದ್ದರೆ ಅವಳ ಪಂಜರದ ಹಕ್ಕಿಯ ಕೂಗಿನಿಂದ ಎಲ್ಲರಿಗೂ ಗೊತ್ತಾಗುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನನ್ನ ಮನೆಯಿಂದ ಏನು ಕೇಳಿಸುತ್ತದೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಮಿಸೆಸ್ ಥೀಸನ್ ನಮ್ಮ ಪೂರ್ವದ ನೆರೆ. ಅವರು ಮೆನ್ನೊನೈಟರು, ಯಾವ ರಾಜನಿಗಾಗಿಯೂ ಕೋವಿ ಹಿಡಿಯುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟ ಜನ. ಮನೆಯಲ್ಲಿ ಅವರಾಡುವುದು ಒಂದು ಬಗೆಯ ಜರ್ಮನ್. ಎತ್ತರದ ಆಳು, ದೊಡ್ಡ ಕೈಗಳು, ತಲೆಗೆ ಸದಾ ಕಪ್ಪು ವಸ್ತ್ರ. ನನ್ನ ಅಮ್ಮ ಅವರನ್ನು 'ಆ ರಷ್ಯಾದವಳು' ಎನ್ನುತ್ತಿದ್ದಳೇ ಹೊರತು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಮ್ಮ ಹೊಸ್ತಿಲೊಳಗೆ ಕರೆಯಲಿಲ್ಲ. ನನ್ನ ತಮ್ಮ ಲೋರ್ನ್ ಮಾತ್ರ ಚಿಕ್ಕಂದಿನಿಂದ ಬೇಲಿ ಹಾರಿ ಅಲ್ಲಿಗೆ ಹೋಗಿಬರುತ್ತಿದ್ದ. ಅಲ್ಲೇನು ಮಾಡುತ್ತಿದ್ದನೋ ನಾನು ಕೇಳಿದವಳಲ್ಲ.

ಪ್ರತಿ ಗುರುವಾರ ಸಂಜೆ ಏಳಕ್ಕೆ ಮಿಸೆಸ್ ಥೀಸನ್ ತಮ್ಮ ಅಕ್ಕ ಸಾರಾಳ ಜೊತೆ ಮಾತಾಡುತ್ತಿದ್ದರು. ಸಾರಾ ಹನ್ನೆರಡು ಮೈಲಿ ಆಚೆ, ಇದೇ ತಂತಿಯ ಕೊನೆಯಲ್ಲಿ, ಕಮ್ಮಾರ ಯಾಕೋಬ್ ಎಪ್ಪ್‌ನ ಹೆಂಡತಿ. ವಾರವಿಡೀ ದುಡಿದ ಆ ವಿಧವೆಗೆ ಇದ್ದ ಸುಖ ಆ ಕಾಲು ಗಂಟೆ. ಅವರ ಮಾತಿನ ಒಂದಕ್ಷರವೂ ನಮಗೆ ತಿಳಿಯುತ್ತಿರಲಿಲ್ಲ. ಆದರೂ ಎತ್ತುತ್ತಿದ್ದೆವು.

ಯುದ್ಧ ಬಂತು. ಲೋರ್ನ್ ಸೈನ್ಯಕ್ಕೆ ಸೇರಿದ. ಮಿಸೆಸ್ ಥೀಸನ್‌ರ ಮಗ ಆಬ್ರಾಮ್ ಕೋವಿ ಮುಟ್ಟುವುದಿಲ್ಲ ಎಂದ. ಅವನನ್ನು ಪಶ್ಚಿಮದ ಬೆಟ್ಟಗಳಿಗೆ ಗಿಡ ನೆಡಲು ಕಳಿಸಿದರು. ಊರು ಇಬ್ಬರನ್ನೂ ತಕ್ಕಡಿಗೆ ಹಾಕಿತು. ಗುರುವಾರದ ಮಾತಿನ ನಡುವೆ ಯಾರೋ ಅರಚುತ್ತಿದ್ದರು, "ಇಂಗ್ಲಿಷಲ್ಲಿ ಮಾತಾಡ್ರೀ, ಇಲ್ಲಾಂದ್ರೆ ಹಿಟ್ಲರ್ ಹತ್ರ ಹೋಗ್ರೀ!" ಸಾರಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಕತಂಗಿ ಮತ್ತೆ ಮೆಲ್ಲಗೆ ಶುರು ಮಾಡುತ್ತಿದ್ದರು.

ನಲವತ್ತೆರಡರ ಆಗಸ್ಟಿನಲ್ಲಿ ಫ್ರಾನ್ಸಿನ ಡಿಯೆಪ್ ತೀರದಲ್ಲಿ ನಮ್ಮ ಹುಡುಗರನ್ನು ಇಳಿಸಿದರು. ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ ಸ್ಟೇಷನ್ ಮಾಸ್ತರ ತಂತಿ ಸಮಾಚಾರ ಹಿಡಿದು ನಮ್ಮ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಟೋಪಿ ನೋಡಿದಾಗಲೇ ಗೊತ್ತಾಯಿತು. ಲೋರ್ನ್‌ಗೆ ಇಪ್ಪತ್ತೊಂದು ವರ್ಷ. ಅಮ್ಮ ಹಾಸಿಗೆ ಹಿಡಿದಳು. ನನ್ನ ಗಂಡ ಹಾವರ್ಡ್ ಹೊಲದಲ್ಲಿ ಗೋಧಿ ಕಟ್ಟುತ್ತಿದ್ದವನು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ಮತ್ತೆ ಹೊಲಕ್ಕೆ ಹೋದ. ಬೆಳೆ ಕಾಯುವುದಿಲ್ಲವಲ್ಲ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದೆ.

ಏಳಕ್ಕೆ ಸಾರಾ ಮನೆಯ ಗಂಟೆ ಹೊಡೆಯಿತು. ನಾನು ಎದ್ದು ರಿಸೀವರ್ ಎತ್ತಿದೆ. ಯಾಕೆ ಎತ್ತಿದೆನೋ, ಕೈಗೆ ಅಭ್ಯಾಸ. ಜರ್ಮನ್ ಮಾತು ಹರಿಯುತ್ತಿತ್ತು. ಅದರ ನಡುವೆ ಸ್ಪಷ್ಟವಾಗಿ 'ಲೋರ್ನ್' ಎಂಬ ಹೆಸರು ಕೇಳಿತು. ಇನ್ನೊಮ್ಮೆ, 'ಲೋರ್ನ್'. ಆಮೇಲೆ ಇಬ್ಬರೂ ನಕ್ಕರು. ಹೊಟ್ಟೆ ಹಿಡಿದು, ಉಸಿರು ಸಿಗದ ಹಾಗೆ ನಕ್ಕರು. ನನ್ನ ಮೈಯೆಲ್ಲ ಬೆಂಕಿಯಾಯಿತು. ಆದರೂ ರಿಸೀವರ್ ಇಡಲಿಲ್ಲ, ಎಂಟು ಗಂಟೆ ದಾಟುವವರೆಗೂ ಕೇಳಿದೆ. ಆ ದಿನ ಅವರು ಎಂದಿಗಿಂತ ಬಹಳ ಹೊತ್ತು ಮಾತಾಡಿದರು.

ಅಕ್ಟೋಬರಿನಲ್ಲಿ, ಸುಗ್ಗಿ ಮುಗಿದ ಮೇಲೆ, ತಂತಿಯ ಪಾಲುದಾರರ ಸಭೆ ಶಾಲೆಯಲ್ಲಿ ಸೇರಿತು. ಕಂಬಕ್ಕೆ ಡಾಂಬರು, ತಂತಿ ಕಟ್ಟುವ ಮುರಿದ ಪಿಂಗಾಣಿ ಬುಗುಡಿ, ಇಂಥವೇ ಮಾತು. ಕೊನೆಗೆ ಅಧ್ಯಕ್ಷ ಕ್ಯಾತ್‌ಕಾರ್ಟ್, ಬ್ಯೂಲಾಳ ಗಂಡ, ಗಂಟಲು ಸರಿಮಾಡಿಕೊಂಡು, "ತಂತಿ ಮೇಲೆ ಶತ್ರು ಭಾಷೆ ಆಡೋದ್ರ ಬಗ್ಗೆ ಯಾರಾದ್ರೂ ಏನಾದ್ರೂ ಹೇಳ್ತೀರಾ?" ಎಂದ. ಯಾರೂ ಏನೂ ಹೇಳಲಿಲ್ಲ. ಅಲ್ಲಿಗೇ ಮುಗಿಯುತ್ತಿತ್ತು. ನಾನು ಎದ್ದು ನಿಂತೆ.

"ನನ್ನ ತಮ್ಮ ಸತ್ತ ಸುದ್ದಿ ಬಂದ ದಿನ ಇವ್ರು ಅವನ ಹೆಸರು ಹೇಳ್ಕೊಂಡು ನಕ್ಕರು. ನಾನು ಕಿವಿಯಾರೆ ಕೇಳಿದೀನಿ."

ಮಿಸೆಸ್ ಥೀಸನ್ ಹಿಂದೆ, ಮಕ್ಕಳ ಸಣ್ಣ ಬೆಂಚಿನ ಮೇಲೆ, ಮೊಣಕಾಲು ಎದೆಗೆ ಬರುವಂತೆ ಕೂತಿದ್ದರು. ತೊಡೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಕ್ಯಾತ್‌ಕಾರ್ಟ್ ಅವರತ್ತ ತಿರುಗಿ, "ನಕ್ಕಿದ್ದು ನಿಜಾನಾ?" ಎಂದ.

"ನಕ್ಕಿದ್ದು ನಿಜ," ಎಂದರು ಅವರು. ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗದ್ದಲವಾಯಿತು. ಅವರ ಇಂಗ್ಲಿಷ್ ಅಂಥ ಗದ್ದಲವನ್ನು ದಾಟುವಷ್ಟು ಗಟ್ಟಿ ಇರಲಿಲ್ಲ.

ಥೀಸನ್ ಮನೆಯ ಫೋನು ಕೀಳಬೇಕೆಂದು ಹದಿನಾಲ್ಕು ಕೈ ಎದ್ದವು. ಎಪ್ಪ್‌ನ ಫೋನು ಉಳಿಯಿತು. ಕಮ್ಮಾರನನ್ನು ಎದುರು ಹಾಕಿಕೊಂಡರೆ ನೇಗಿಲ ಗುಳ ತಟ್ಟಿಕೊಡುವವರು ಯಾರು? ನಮ್ಮ ದೇಶಭಕ್ತಿ ಅಷ್ಟು ಲೆಕ್ಕಾಚಾರದ್ದು. ಎಪ್ಪ್ ಕೈ ಎತ್ತಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಸಭೆ ಮುಗಿದು ಕಾಫಿಯಾಯಿತು. ಮಿಸೆಸ್ ಥೀಸನ್ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಅದರ ತುಂಬ ಬನ್ನು, ಒಂದರ ಮೇಲೊಂದು ಪುಟ್ಟ ತಲೆಯಿಟ್ಟಂಥ ಅವರ ಜೋಡಿ ಬನ್ನು, ಇನ್ನೂ ಬೆಚ್ಚಗಿತ್ತು. ನಾವು ತಿಂದೆವು. ನಾನು ಎರಡು ತಿಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರವೇ ಅವರ ಗೋಡೆಯ ಪೆಟ್ಟಿಗೆ ಕಿತ್ತರು. ಗುರುವಾರ ಏಳಕ್ಕೆ ತಂತಿ ಮೌನವಾಗಿರುತ್ತಿತ್ತು. ಮೊದಲೆರಡು ವಾರ ನಾನು ಎತ್ತಿ ಆ ಮೌನವನ್ನೂ ಕೇಳಿದೆ.

ಫೆಬ್ರವರಿಯ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಚಳಿ ಸೊನ್ನೆಯ ಕೆಳಗೆ ನಲವತ್ತು. ನಮ್ಮ ಮೂರು ಗಿಡ್ಡ ಗಂಟೆ ಹೊಡೆಯಿತು. ಯಾಕೋಬ್ ಎಪ್ಪ್. ತಂತಿಯುದ್ದಕ್ಕೂ ಎಲ್ಲರೂ ಎತ್ತಿದ್ದರಿಂದ ಅವನ ದನಿ ನೂಲಿನಷ್ಟು ಸಣ್ಣಗೆ ಬರುತ್ತಿತ್ತು.

"ಮಿಸೆಸ್ ಪಿಕೆಟ್, ನನ್ನ ಸಾರಾಗೆ ಎದೆ ಕಟ್ಟಿದೆ. ಡಾಕ್ಟ್ರು ಕೈಬಿಟ್ಟಿದಾರೆ. ತಂಗಿ ನೇಟಾ ದನಿ ಒಂದ್ಸಲ ಕೇಳ್ಬೇಕು ಅಂತಾಳೆ. ರಸ್ತೆಯೆಲ್ಲ ಮುಚ್ಚಿದೆ, ನೇಟಾ ಇಲ್ಲಿಗೆ ಬರೋಕಾಗಲ್ಲ. ನಿಮ್ಮ ಮನೆಗೆ ಕರ್ಕೊಂಡು ಬಂದು ನಿಮ್ಮ ಫೋನಲ್ಲಿ ಮಾತಾಡಿಸ್ತೀರಾ? ದೊಡ್ಡ ಉಪಕಾರ ಆಗುತ್ತೆ ತಾಯಿ."

"ಆಗ್ಲಿ," ಎಂದೆ. ಟಕ್ ಟಕ್ ಎಂದು ಒಬ್ಬೊಬ್ಬರೇ ಇಟ್ಟರು.

ಅರ್ಧ ಮೈಲಿ. ಕೋಟು ಹಾಕಿದೆ, ಒಂದು ಕಾಲಿಗೆ ಬೂಟು ಹಾಕಿದೆ. ಆಗ ಕಣ್ಣ ಮುಂದೆ ಬಂತು: ಆಕೆ ನನ್ನ ಅಡುಗೆಮನೆಯಲ್ಲಿ, ನಾನು ಕೀಳಿಸಿದ ಫೋನಿನ ಬದಲು ನನ್ನ ಫೋನು ಹಿಡಿದು, ನನ್ನ ಎದುರಿಗೇ ನಿಂತು ಅಳುವುದು. ಆ ಹೊತ್ತಿಗಾಗಲೇ ನನ್ನ ಸಿಟ್ಟು ಆರಿತ್ತು. ಸಿಟ್ಟು ಇದ್ದಿದ್ದರೆ ಹೋಗುತ್ತಿದ್ದೆನೇನೋ. ನಾಚಿಕೆಯಿಂದ ಹೋಗಲಿಲ್ಲ. ಒಗೆಯುವುದು ಮುಗಿಸಿ ಹೋಗೋಣ ಎಂದುಕೊಂಡೆ. ಊಟ ಮಾಡಿಸಿ ಹೋಗೋಣ ಎಂದುಕೊಂಡೆ. ಮೂರಕ್ಕೆ ಗಾಳಿ ಎದ್ದಿತು. ಹಾವರ್ಡ್, "ನಾಳೆ ಹೋದ್ರಾಯ್ತು ಬಿಡು," ಎಂದ. ಅಷ್ಟು ಸಾಕಾಯಿತು ನನಗೆ.

ಬುಧವಾರ ಒಂಬತ್ತಕ್ಕೆ ಮತ್ತೆ ಮೂರು ಗಿಡ್ಡ ಗಂಟೆ. ನಸುಕಿನಲ್ಲಿ ಸಾರಾ ಹೋಗಿಬಿಟ್ಟಿದ್ದಳು.

ಆಗ ಹೋದೆ. ಮಿಸೆಸ್ ಥೀಸನ್ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರು. ಹೇಳಿದೆ. ಅವರು ಹಿಟ್ಟನ್ನು ಬೆರಳಿನಿಂದ ಬಿಡಿಸಿಕೊಂಡರು.

"ಫೋನ್ ಯಾವಾಗ ಬಂತು?"

"ಈಗಷ್ಟೇ."

"ಅದಕ್ಕೆ ಮುಂಚೆ ಬಂದಿರ್ಲಿಲ್ವಾ?"

"ಇಲ್ಲ," ಎಂದೆ.

ತಂತಿಯ ಮನೆಗಳೆಲ್ಲಕ್ಕೂ ಗೊತ್ತಿತ್ತು. ಒಬ್ಬರೂ ಬಾಯಿಬಿಡಲಿಲ್ಲ. ಕದ್ದು ಕೇಳಿದ್ದನ್ನು ಊರೆಲ್ಲ ಹಂಚುತ್ತಿದ್ದ ನಾವು, ಇದೊಂದನ್ನು ಮಾತ್ರ ಗುಟ್ಟಾಗಿ ಇಟ್ಟುಕೊಂಡೆವು. ಎಪ್ಪ್ ಹೇಳಿರಬಹುದೇ? ಹೇಳದೆ ಇರುತ್ತಾನೆಯೇ? ಆದರೆ ನಂಬಬೇಕೆಂದು ಹಟ ಹಿಡಿದವಳು ಏನನ್ನು ಬೇಕಾದರೂ ನಂಬುತ್ತಾಳೆ. ಅವರಿಗೆ ಗೊತ್ತಿಲ್ಲ ಎಂದು ನಾನು ಇಪ್ಪತ್ತನಾಲ್ಕು ವರ್ಷ ನಂಬಿದೆ.

ಮರುವರ್ಷ ಮಾರ್ಚಿನಲ್ಲಿ ನನಗೆ ನೋವು ಶುರುವಾದಾಗ ಹಿಮಗಾಳಿ. ಡಾಕ್ಟರು ಬರುವಂತಿರಲಿಲ್ಲ. ನನ್ನನ್ನು ಕೇಳದೆ ಹಾವರ್ಡ್ ಜಾರುಬಂಡಿ ಕಟ್ಟಿಕೊಂಡು ಹೋಗಿ ಅವರನ್ನು ಕರೆತಂದ. ನಮ್ಮ ಹೊಸ್ತಿಲೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೈ ತೊಳೆದರು, ನೀರು ಕಾಯಿಸಿ ಎಂದರು. ನಮ್ಮ ತಾತ ಸ್ಕಾಟ್ಲೆಂಡಿನಿಂದ ತಂದ ಗೋಡೆ ಗಡಿಯಾರ ಆಗಲೇ ಹತ್ತು ಹೊಡೆಯಿತು. ಅದಕ್ಕೊಂದು ರೋಗ, ಹೊಡೆಯುವ ಮುಂಚೆ ಮುದುಕನ ಹಾಗೆ ಎರಡು ಸಲ ಕೆಮ್ಮುತ್ತದೆ. ಮಿಸೆಸ್ ಥೀಸನ್ ತಲೆಯೆತ್ತಿ ನೋಡಿದರು.

"ಓ, ಇದೇನಾ ಅದು," ಎಂದರು. ನೋವಿನಲ್ಲಿ ನಾನು ಅರ್ಥ ಕೇಳಲಿಲ್ಲ.

ನನ್ನ ಮಗಳು ಲೋರ್ನಾಳನ್ನು ಈ ಲೋಕದಲ್ಲಿ ಮೊದಲು ಹಿಡಿದ ಕೈ ಅವರದು. ಅವಳು ನಡೆಯಲು ಕಲಿತ ಮೇಲೆ ತನ್ನ ಮಾವನ ಹಾಗೆಯೇ ಬೇಲಿ ನುಸುಳಿ ಅಲ್ಲಿಗೆ ಹೋಗತೊಡಗಿದಳು. ಅವರನ್ನು 'ನೇಟಾ ತಾಂತೆ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ತಾಂತೆ ಎಂದರೆ ಚಿಕ್ಕಮ್ಮ. ಯುದ್ಧ ಮುಗಿದ ಮೇಲೆ ಅವರಿಗೆ ಮತ್ತೆ ಫೋನು ಕೊಡೋಣ ಎಂದು ಸಭೆ ನಿರ್ಧರಿಸಿತು. "ಬೇಡ, ಮಾತಾಡೋರು ಯಾರಿದಾರೆ," ಎಂದರಂತೆ. ಪೆಟ್ಟಿಗೆ ಇದ್ದ ಜಾಗದಲ್ಲಿ ಬಣ್ಣ ಮಾಸದ ಚೌಕ ಉಳಿದಿತ್ತು. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಅವರ ಮನೆಗೆ ಹೋದಾಗಲೆಲ್ಲ ನಾನು ಆ ಕ್ಯಾಲೆಂಡರಿಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಅರವತ್ತೇಳರಲ್ಲಿ ದೇಶಕ್ಕೆ ನೂರು ತುಂಬಿತೆಂದು ಊರೂರಿನಲ್ಲಿ ಚರಿತ್ರೆಯ ಪುಸ್ತಕದ ಹುಚ್ಚು. ನಮ್ಮಲ್ಲಿ ಬ್ಯೂಲಾ ಕ್ಯಾತ್‌ಕಾರ್ಟ್ ಅದರ ಯಜಮಾನಿ.

"ವರ್ನಾ, ಥೀಸನ್ ನಿನ್ನ ಪಕ್ಕದ್ಮನೆ ಅಲ್ವೇನೇ, ನೀನೇ ಬರಿ. ಎರಡು ಪುಟ ಮೀರ್ಬಾರ್ದು. ಒಳ್ಳೇ ಮಾತು ಬರಿ, ಹಳೇದೆಲ್ಲ ಕೆದಕ್ಬೇಡ," ಎಂದಳು. ಕುಂಬಳಕಾಯಿ ಕಳ್ಳ ಎನ್ನುವ ಮುಂಚೆಯೇ ಇಬ್ಬರೂ ಹೆಗಲು ಮುಟ್ಟಿ ನೋಡಿಕೊಂಡೆವು.

ಆಗಸ್ಟಿನ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಹೋದೆ. ಅವರಿಗೆ ಎಪ್ಪತ್ತಾರು. ಮೇಜಿನ ಮೇಲೆ ಕಲ್ಲಂಗಡಿ ಹೆಚ್ಚಿಟ್ಟು, ಅದರ ಜೊತೆ ತಿನ್ನಲು ಎಣ್ಣೆಯಲ್ಲಿ ಕರಿದ ಹಿಟ್ಟಿನ ಪಟ್ಟಿಗಳನ್ನಿಟ್ಟರು. ಹುಟ್ಟಿದ ಊರು, ಹಡಗಿನ ಹೆಸರು, ಗಂಡ ತೀರಿಕೊಂಡ ವರ್ಷ, ಎಲ್ಲ ಬರೆದುಕೊಂಡೆ. ನಲವತ್ತೆರಡಕ್ಕೆ ಬಂದಾಗ ಪೆನ್ಸಿಲ್ ನಿಂತಿತು.

"ಮಿಸೆಸ್ ಥೀಸನ್, ಆ ಸಭೇಲಿ ನಾವೆಲ್ಲ ನಿಮಗೆ ಅನ್ಯಾಯ ಮಾಡಿದ್ವಿ," ಎಂದೆ.

"ನಿಜ," ಎಂದರು, ಬೀಜ ತೆಗೆಯುತ್ತ. "ಇದನ್ನ ಹೇಳೋಕಾ ಇಷ್ಟು ಬೆವರ್ತಿದೀಯ?"

ಬೇರೆ ದಾರಿ ಇರಲಿಲ್ಲ. "ಸಾರಾ ಫೋನು... ಬುಧವಾರ ಬಂದಿದ್ದಲ್ಲ. ಮಂಗಳವಾರವೇ ಬಂದಿತ್ತು. ಹನ್ನೊಂದು ಗಂಟೆಗೆ. ನಾನು ಬರ್ಲಿಲ್ಲ."

ಅವರು ಚಾಕು ಕೆಳಗಿಟ್ಟರು.

"ಮಣ್ಣಿನ ದಿನವೇ ಯಾಕೋಬ್ ಹೇಳಿದ. ಅವಳು ಆ ದಿನವೆಲ್ಲ ಫೋನಿನ ಕಡೆಗೇ ಮುಖ ಮಾಡ್ಕೊಂಡು ಮಲಗಿದ್ದಳಂತೆ."

"ಗೊತ್ತಿದ್ದೂ ನನ್ನ ಹೆರಿಗೆಗೆ ಬಂದ್ರಾ?"

"ಮಗು ಏನು ಮಾಡಿತ್ತು?" ಎಂದರು. ಆಮೇಲೆ ದನಿ ಬಿಗಿಯಾಯಿತು. "ನೋಡು ವರ್ನಾ, ನಾನು ದೇವರಲ್ಲ. ನೀನು ಪ್ರತಿ ಸಲ ಬಂದು ಅಲ್ಲಿ ಕೂತಾಗ, ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಕಾದೆ. ಇಪ್ಪತ್ತನಾಲ್ಕು ವರ್ಷ ನಿಂಗೆ ಬನ್ನು ಹಾಕಿದೀನಿ. ನಿನ್ನ ಬಾಯಲ್ಲಿ ಬರ್ಬೇಕಾದ ಮಾತನ್ನ ನಾನು ಹೇಗೆ ಹೇಳ್ಲಿ?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಕೇಳಿದೆ, "ಆ ದಿನ ಯಾಕೆ ನಕ್ರಿ?"

"ಇದನ್ನ ತಿನ್ತಿದೀಯಲ್ಲ, ಇದಕ್ಕೇ." ಕಲ್ಲಂಗಡಿ ತೋರಿಸಿದರು. "ನಿನ್ನ ತಮ್ಮ ಹತ್ತು ವರ್ಷದವನಿದ್ದಾಗ ನನ್ನ ತೋಟಕ್ಕೆ ಕದಿಯೋಕೆ ಬಂದ. ಹಣ್ಣು ಅವನಿಗಿಂತ ದೊಡ್ಡದು, ಹೊರೋಕಾಗಲ್ಲ. ಅಲ್ಲೇ ಕೂತು ಪೂರ್ತಿ ತಿಂದ. ಹೊಟ್ಟೆ ಉಬ್ಬಿ ಬೇಲಿ ಹತ್ತೋಕಾಗ್ದೆ ಅಳ್ತಾ ನಿಂತಿದ್ದ. ಒಳಗೆ ಕರ್ಕೊಂಡು ಬಂದು ಈ ಪಟ್ಟಿ ಕೊಟ್ಟೆ. ಅದನ್ನೂ ತಿಂದ! ಮುಂದಿನ ವರ್ಷದಿಂದ ಪ್ರತಿ ಆಗಸ್ಟಲ್ಲಿ ಟೋಪಿ ತೆಗೆದು ಬಾಗಿಲು ತಟ್ಟೋನು. 'ಮಿಸೆಸ್ ಥೀಸನ್, ಕದಿಯೋಕೆ ಬಂದಿದೀನಿ.' ಸೈನ್ಯಕ್ಕೆ ಹೋಗೋ ವರ್ಷಾನೂ ಬಂದಿದ್ದ, ಆ ಬಟ್ಟೇಲೇ. ಅವನು ಹೋದ ಸುದ್ದಿ ಕೇಳಿದ ದಿನ ಸಾರಾಗೆ ಅದನ್ನ ಹೇಳ್ತಿದ್ದೆ. ಅಳು ತಡೆಯೋಕಾಗ್ದೆ ನಕ್ವಿ."

ನಾನು ಕೈಯಲ್ಲಿದ್ದ ಹೋಳನ್ನು ತಟ್ಟೆಗಿಟ್ಟೆ.

"ನೀನು ಕೇಳಿಸ್ಕೊಳ್ತಿದೀಯ ಅಂತ ಗೊತ್ತಿತ್ತು," ಎಂದರು. "ಯಾವ ಮನೆಯೋ ಒಂದರಲ್ಲಿ ಕೆಮ್ಮೋ ಗಡಿಯಾರ ಇದೆ ಅಂತ ವರ್ಷಗಳಿಂದ ಗೊತ್ತು. ಆ ದಿನ ಅದು ಕೆಮ್ಮಿ ಎಂಟು ಹೊಡೀತು. ಜೊತೇಲಿ ಯಾರೋ ಬಿಕ್ಕಿದ್ದು ಕೇಳಿಸ್ತು. ಆಗ ಗೊತ್ತಾಯ್ತು, ಇದು ಆ ಹುಡುಗನ ಅಕ್ಕ. ಸಾರಾ ಇಡ್ತೀನಿ ಅಂದ್ಳು. ಇಡ್ಬೇಡ, ಆ ಹುಡುಗಿ ಒಬ್ಬಳೇ ಇರೋ ಹಾಗಿದೆ, ಅವಳು ಇಡೋ ತನಕ ನಾವೂ ಮಾತಾಡೋಣ ಅಂದೆ."

ನೊಣ ಓಡಿಸಲು ಅವರು ತಟ್ಟೆಗೆ ಬಟ್ಟೆ ಮುಚ್ಚಿದರು. ನಾನು ನೋಟ್‌ಬುಕ್ ಹಿಡಿದು ಎದ್ದೆ. "ಇದನ್ನೆಲ್ಲ ಬರೀಲಾ?" ಎಂದೆ.

"ಬರಿ. ಆದ್ರೆ 'ನಾವು' ಅಂತ ಬರೀಬೇಡ. ಆ ಹದಿನಾಲ್ಕು ಕೈ ನಂಗೆ ಗೊತ್ತು, ಕೈಗೆ ಮುಖ ಇರಲ್ಲ. ನಿನ್ನ ಹೆಸರು ಹಾಕು."

ಬರೆದೆ. ಎರಡು ಪುಟ, ನನ್ನ ಹೆಸರು ಸಮೇತ. ಬ್ಯೂಲಾಳ ಮನೆಗೆ ಕೊಡಲು ಹೋಗುವಾಗ ದಾರಿಯಲ್ಲಿ ಶಾಲೆ ಸಿಕ್ಕಿತು. ಲೋರ್ನಾ ಆಗ ಅಲ್ಲೇ ಟೀಚರು, ಕಿಟಕಿಯಿಂದ ನನಗೆ ಕೈ ಬೀಸಿದಳು. ಇದನ್ನು ಅವಳೂ ಓದುತ್ತಾಳಲ್ಲ ಎನಿಸಿತು. ನಾನು ಮನೆಗೆ ಹಿಂದಿರುಗಿ ಆ ಎರಡು ಪುಟ ಒಲೆಗೆ ಹಾಕಿದೆ. ಅದರ ಬದಲು ಒಂದು ಸಾಲು ಬರೆದೆ: 'ಯುದ್ಧದ ವರ್ಷಗಳಲ್ಲಿ ಕೆಲವು ತಪ್ಪು ತಿಳಿವಳಿಕೆಗಳಾದವು.' ಆದವಂತೆ! ಆಲಿಕಲ್ಲು ಬಿದ್ದ ಹಾಗೆ, ತಾವಾಗಿಯೇ. ಬ್ಯೂಲಾ ಓದಿ, "ಅಚ್ಚುಕಟ್ಟಾಗಿದೆ ಕಣೇ," ಎಂದಳು.

ಪುಸ್ತಕ ಬಂದ ಮೇಲೆ ಅವರ ಪ್ರತಿಯನ್ನು ನಾನೇ ಒಯ್ದುಕೊಟ್ಟೆ. ಕನ್ನಡಕ ಹಾಕಿ, ಬೆರಳಿಟ್ಟು, ಒಂದೂವರೆ ಪುಟವನ್ನೂ ನಿಧಾನವಾಗಿ ಓದಿದರು. ಮುಚ್ಚಿದರು. ರಟ್ಟನ್ನು ಅಂಗೈಯಿಂದ ಸವರಿದರು.

"ಕಾಗದ ಚೆನ್ನಾಗಿದೆ," ಎಂದರು.

ಆ ದಿನವೂ ಬನ್ನು ಕೊಟ್ಟರು. ಎಪ್ಪತ್ತೊಂದರಲ್ಲಿ ತೀರಿಕೊಂಡರು. ಈಗ ಎಲ್ಲರಿಗೂ ಅವರವರದೇ ತಂತಿ, ಯಾರ ಮನೆಯ ಗಡಿಯಾರವೂ ಯಾರಿಗೂ ಕೇಳಿಸುವುದಿಲ್ಲ. ನನ್ನದು ಇನ್ನೂ ಅದೇ ಗೋಡೆಯಲ್ಲಿ ಕೆಮ್ಮುತ್ತಿದೆ. "ಅದನ್ನ ನಿಲ್ಲಿಸಮ್ಮ, ತಲೆ ಚಿಟ್ಟುಹಿಡಿಯುತ್ತೆ," ಎನ್ನುತ್ತಾಳೆ ಲೋರ್ನಾ. ನಾನು ಪ್ರತಿ ಭಾನುವಾರ ಅದಕ್ಕೆ ಕೀಲಿ ಕೊಡುತ್ತೇನೆ.

ಅವರು ಓದಲಾರದ ಈ ಕಾಲದಲ್ಲಿ ಬರೆಯುವುದು ಧೈರ್ಯವೇನಲ್ಲ, ಗೊತ್ತು. ಆದರೂ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಎದ್ದು ನಿಂತು ಆ ಮಾತಾಡಿದವಳು ನಾನು, ವರ್ನಾ ಪಿಕೆಟ್. ಕರೆ ಬಂದದ್ದು ಮಂಗಳವಾರ, ಬೆಳಗ್ಗೆ ಹನ್ನೊಂದಕ್ಕೆ. ನಾನು ಹೋದದ್ದು ಬುಧವಾರ.